ಏರಿನಲ್ಲಿ ನಡುಗಿದ ಬಾಕ್ಸ್‌ಸ್ಟರ್, ಒಟ್ಟಿಗೆ ಹೊತ್ತಿದ ದೀಪಗಳು: ಹುಡುಕಾಟ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದು ಕೆಲವು ವರ್ಷಗಳಾದವು. ಕಳೆದ ವರ್ಷ 2003ರ ಪೋರ್ಷೆ ಬಾಕ್ಸ್‌ಸ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. 2.7 ಲೀಟರ್ ಎಂಜಿನ್, ಮ್ಯಾನುಯಲ್ ಗೇರ್, ಓಡಿರುವುದು 1,34,000 ಕಿ.ಮೀ. ಹೋದ ತಿಂಗಳು ಮಳೆಯಲ್ಲಿ ಎ8 ಆಟೋಬಾನ್ ಹಿಡಿದು ಉಲ್ಮ್ ಕಡೆಗೆ ಹೋಗುತ್ತಿದ್ದೆ. ಶ್ವಾಬಿಷ್ ಆಲ್ಬ್ ಬೆಟ್ಟದ ಏರು ಸಿಕ್ಕಿದ ಮೇಲೆ ಗಾಡಿ ಇದ್ದಕ್ಕಿದ್ದಂತೆ ನಡುಗತೊಡಗಿತು. ಚೆಕ್ ಎಂಜಿನ್ ದೀಪ ಮಿನುಗಿತು, ಅದರ ಹಿಂದೆಯೇ ಎಬಿಎಸ್ ಮತ್ತು ಪಿಎಸ್‌ಎಂ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪಗಳೂ ಹೊತ್ತಿಕೊಂಡವು. ಪಿಕಪ್ ಇಲ್ಲವೇ ಇಲ್ಲ, ಹಿಂದಿನಿಂದ ಕೊಳೆತ ಮೊಟ್ಟೆಯ ವಾಸನೆ. ಪಾರ್ಕಿಂಗ್ ಜಾಗಕ್ಕೆ ತಂದು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಸರಿಯಾಗೇ ಓಡಿತು. ಚೆಕ್ ಎಂಜಿನ್ ದೀಪ ಮಾತ್ರ ಮಿನುಗದೆ ಉರಿಯುತ್ತಲೇ ಇದೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದಾಗ ಪಿ0300, ಪಿ0304, ಪಿ0306 ಎಂದು ಬಂತು. ಆರೂ ಕಾಯಿಲ್, ಆರೂ ಪ್ಲಗ್, ನಾಲ್ಕೂ ಆಕ್ಸಿಜನ್ ಸೆನ್ಸರ್, ಎರಡೂ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಬದಲಿಸಬೇಕಂತೆ. ಜೊತೆಗೆ "ಈ ಎಂಜಿನ್‌ಗೆ ಐಎಂಎಸ್ ಬೇರಿಂಗ್ ತೊಂದರೆ ಇದ್ದೇ ಇರುತ್ತದೆ, ಮಾರಿಬಿಡುವುದು ಒಳ್ಳೆಯದು" ಎಂದೂ ಹೇಳಿದರು. ಎಸ್ಟಿಮೇಟ್ ನೋಡಿದರೆ ಗಾಡಿಯ ಬೆಲೆಯ ಅರ್ಧದಷ್ಟಿದೆ. ಇನ್ನೊಂದು ವಿಷಯ, ಬೆಳಗಿನ ಚಳಿಯಲ್ಲಿ ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ. ಏನು ಮಾಡಲಿ?

ಉತ್ತರ: ಆ ಎಸ್ಟಿಮೇಟಿಗೆ ಸಹಿ ಹಾಕಬೇಡಿ. ಗಾಡಿಯನ್ನು ಮಾರಲೂ ಬೇಡಿ. ನೀವು ಬರೆದಿರುವ ವಿವರಗಳನ್ನು ಜೋಡಿಸಿ ನೋಡಿದರೆ ಮೊದಲ ಅನುಮಾನ ಹೋಗುವುದು ಎಂಜಿನ್ನಿನ ಒಂದೇ ಮಗ್ಗುಲಲ್ಲಿರುವ ಎರಡು ಇಗ್ನಿಷನ್ ಕಾಯಿಲ್‌ಗಳ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಭಾಗ) ಮೇಲೆ. ಸ್ಟಾರ್ಟರ್ ನಿಧಾನವಾಗಿರುವುದು ಬಹುಶಃ ಬೇರೆಯದೇ ತೊಂದರೆ, ಅದನ್ನು ಬೇರೆಯಾಗಿಯೇ ಅಳೆಯಬೇಕು. ಐಎಂಎಸ್ ಬೇರಿಂಗಿಗೂ (ಎಂಜಿನ್ನೊಳಗಿನ ಮಧ್ಯದ ಶಾಫ್ಟಿನ ಬೇರಿಂಗ್) ಅವತ್ತು ಏರಿನಲ್ಲಿ ಆದದ್ದಕ್ಕೂ ಸಂಬಂಧವಿರುವ ಸೂಚನೆ ನಿಮ್ಮ ಪತ್ರದಲ್ಲಿ ಒಂದೂ ಇಲ್ಲ. ಯಾಕೆ ಹೀಗೆ ಹೇಳುತ್ತಿದ್ದೇನೆ, ಇದನ್ನು ಸಾಬೀತು ಮಾಡುವುದು ಹೇಗೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಮಿನುಗುವ ದೀಪದ ವಿಚಾರ, ಅದೇ ಎಲ್ಲಕ್ಕಿಂತ ಮುಖ್ಯ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ "ಒಂದು ತಪ್ಪು ದಾಖಲಾಗಿದೆ, ಆದಷ್ಟು ಬೇಗ ತೋರಿಸು" ಎಂದರ್ಥ. ಮಿನುಗಿದರೆ "ಈ ಕ್ಷಣದಲ್ಲಿ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು" ಎಂದರ್ಥ. ಆಗ ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲು ಎತ್ತುವುದು. ಕಾಲು ಎತ್ತಿದಾಗ ಮಿನುಗುವುದು ನಿಂತರೆ ಕಡಿಮೆ ವೇಗದಲ್ಲಿ, ಎಂಜಿನ್ ಮೇಲೆ ಭಾರ ಹಾಕದೆ ಹತ್ತಿರದ ಪಾರ್ಕಿಂಗ್‌ವರೆಗೆ ಹೋಗಬಹುದು. ಆಗಲೂ ನಿಲ್ಲದಿದ್ದರೆ ರಸ್ತೆಯ ಅಂಚಿನ ತುರ್ತು ಲೇನಿಗೆ ತಂದು ಆಫ್ ಮಾಡಿ, ಹಳದಿ ಜಾಕೆಟ್ ತೊಟ್ಟು, ತ್ರಿಕೋನ ಇಟ್ಟು, ತಡೆಬೇಲಿಯ ಆಚೆ ನಿಂತು ಎಡಿಎಸಿಗೆ (ದಾರಿಯಲ್ಲಿ ಕೆಟ್ಟುನಿಂತವರ ನೆರವಿಗೆ ಬರುವ ಜರ್ಮನಿಯ ವಾಹನ ಸಂಘ) ಫೋನ್ ಮಾಡಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಆ ಹೊತ್ತಿನಲ್ಲಿ ಗಾಡಿಯ ಅಡಿಭಾಗ ಬೆಂಕಿ ಹೊತ್ತಿಸುವಷ್ಟು ಬಿಸಿಯಾಗಿರುತ್ತದೆ. ನೀವು ನಿಲ್ಲಿಸಿದ್ದು ಸರಿಯಾದ ಕೆಲಸ. ಅದೇ ವೇಗದಲ್ಲಿ ಏರು ಮುಗಿಸಿದ್ದರೆ ಗ್ಯಾರೇಜಿನವರು ಹೇಳಿದ ಕನ್ವರ್ಟರ್ ಖರ್ಚು ನಿಜವಾಗುವ ಸಾಧ್ಯತೆ ಇತ್ತು.

ಎಂಜಿನ್ ಕಂಪ್ಯೂಟರಿಗೆ ಇದು ಗೊತ್ತಾಗುವುದು ಹೇಗೆ ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಫ್ಲೈವೀಲಿನ ಸುತ್ತ ಅರವತ್ತು ಹಲ್ಲುಗಳ ಲೆಕ್ಕದಲ್ಲಿ ಎರಡು ಹಲ್ಲು ಬಿಟ್ಟ ಒಂದು ಬಳೆ ಇರುತ್ತದೆ. ಅದರ ಎದುರಿಗಿರುವ ಕ್ರ್ಯಾಂಕ್ ಸೆನ್ಸರ್ ಪ್ರತಿ ಹಲ್ಲು ದಾಟಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತಲೇ ಇರುತ್ತದೆ. ನಿಮ್ಮದು ಆರು ಸಿಲಿಂಡರಿನ ಬಾಕ್ಸರ್ ಎಂಜಿನ್ (ಎರಡು ಮಗ್ಗುಲಿಗೆ ಮೂರು ಮೂರು ಸಿಲಿಂಡರ್ ಮಲಗಿರುವಂಥದ್ದು), ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಪ್ರತಿ 120 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್ ಹೊತ್ತುತ್ತದೆ. 3,000 ಆರ್‌ಪಿಎಂನಲ್ಲಿ ಅದು 6.7 ಮಿಲಿಸೆಕೆಂಡಿಗೆ ಒಂದು ಸಲ, ಅಂದರೆ ನಿಮಿಷಕ್ಕೆ 9,000 ಸಲ. ಆರು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ಸಡಿಲಿಸಿದರೆ ಆ ಹೆಜ್ಜೆಗೆ ಪಲ್ಲಕ್ಕಿ ವಾಲುತ್ತದಲ್ಲ, ಹಾಗೆ ಒಂದು ಸಿಲಿಂಡರ್ ಹೊತ್ತದಿದ್ದರೆ ಆ 120 ಡಿಗ್ರಿ ದಾಟಲು ಕ್ರ್ಯಾಂಕ್ ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಯಾವ ಸಿಲಿಂಡರಿನ ಸರದಿಯಲ್ಲಿ ತಡವಾಯಿತು ಎಂದು ನೋಡಿ ಕಂಪ್ಯೂಟರ್ ಅದರ ಲೆಕ್ಕ ಇಡುತ್ತದೆ. ಕ್ರ್ಯಾಂಕ್ 200 ಸುತ್ತು ತಿರುಗುವಷ್ಟರಲ್ಲಿ ಕನ್ವರ್ಟರಿಗೆ ಅಪಾಯವಾಗುವಷ್ಟು ಮಿಸ್ಸಿಂಗ್ (ಸಿಲಿಂಡರ್ ಹೀಗೆ ಹೊತ್ತದೆ ಹೋಗುವುದು) ಕಂಡರೆ ದೀಪ ಮಿನುಗುತ್ತದೆ. ಅದಕ್ಕಿಂತ ಕಡಿಮೆ ಇದ್ದು, 1,000 ಸುತ್ತುಗಳ ಲೆಕ್ಕದಲ್ಲಿ ಹೊಗೆಯ ಮಿತಿ ಮೀರುವಂತಿದ್ದರೆ ದೀಪ ಸುಮ್ಮನೆ ಉರಿಯುತ್ತದೆ.

ಇಲ್ಲೊಂದು ಮಾತು ನೆನಪಿರಲಿ. ಕಂಪ್ಯೂಟರ್ ಕಂಡದ್ದು ಕ್ರ್ಯಾಂಕ್ ತಡವಾದದ್ದನ್ನು ಮಾತ್ರ. ಕಾಯಿಲ್ ಕೆಟ್ಟಿದೆಯೋ, ಪ್ಲಗ್ ಸವೆದಿದೆಯೋ, ಪೆಟ್ರೋಲ್ ಬರುತ್ತಿಲ್ಲವೋ, ವಾಲ್ವ್ ಸೋರುತ್ತಿದೆಯೋ, ಅದಕ್ಕೆ ಏನೇನೂ ಗೊತ್ತಿಲ್ಲ. ಪಿ0304 ಎಂದರೆ "4ನೇ ಸಿಲಿಂಡರಿನಲ್ಲಿ ಮಿಸ್ಸಿಂಗ್" ಎಂದಷ್ಟೇ, "4ನೇ ಕಾಯಿಲ್ ಬದಲಿಸು" ಎಂದಲ್ಲ. ಸ್ಕ್ಯಾನರ್ ತೋರಿಸಿದ ಕೋಡನ್ನೇ ಬಿಡಿಭಾಗಗಳ ಪಟ್ಟಿ ಎಂದು ಓದುವ ಗ್ಯಾರೇಜುಗಳು ಎಲ್ಲ ದೇಶದಲ್ಲೂ ಇವೆ. ಗ್ರಾಹಕರ ದುಡ್ಡು ಅತಿ ಹೆಚ್ಚು ಹಾಳಾಗುವುದು ಈ ಒಂದು ಅಭ್ಯಾಸದಿಂದ.

ಮತ್ತೆ ಸ್ಟಾರ್ಟ್ ಮಾಡಿದಾಗ ಗಾಡಿ ಸರಿಹೋಯಿತಲ್ಲ, ಅದನ್ನು ವಾಸಿಯಾಯಿತು ಎಂದು ತಿಳಿಯಬೇಡಿ. ಮಿಸ್ಸಿಂಗ್ ಮಿತಿ ಮೀರಿದಾಗ ಈ ಪೀಳಿಗೆಯ ಎಂಜಿನ್ ಕಂಪ್ಯೂಟರುಗಳು ಆ ಸಿಲಿಂಡರಿನ ಇಂಜೆಕ್ಟರನ್ನೇ ಮುಚ್ಚಿ ಕನ್ವರ್ಟರನ್ನು ಕಾಪಾಡುತ್ತವೆ. ಆಮೇಲೆ ಏರು ಮುಗಿದರೂ ಆ ಸಿಲಿಂಡರ್ ಸತ್ತೇ ಇರುತ್ತದೆ, ನಿಮಗೆ ಪಿಕಪ್ ಸಿಗದೆ ಹೋದದ್ದು ಅದಕ್ಕೇ. ಕೀ ತಿರುಗಿಸಿ ಆಫ್ ಮಾಡಿದಾಗ ಲೆಕ್ಕ ಮೊದಲಿನಿಂದ ಶುರುವಾಗಿ ಪೆಟ್ರೋಲ್ ಮತ್ತೆ ಬರುತ್ತದೆ. ಅಷ್ಟರಲ್ಲಿ ಎಂಜಿನ್ ಬಿಸಿಗೆ ಕಾಯಿಲ್ ಮೇಲಿನ ತೇವವೂ ಆರಿದ್ದರೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಮುಂದಿನ ಮಳೆ, ಮುಂದಿನ ಏರು ಸಿಗುವವರೆಗೆ.

ಇನ್ನು ಎಬಿಎಸ್, ಪಿಎಸ್‌ಎಂ ದೀಪಗಳು. ಬಾಕ್ಸ್‌ಸ್ಟರಿಗೆ ಪಿಎಸ್‌ಎಂ 2001ರ ಮಾಡೆಲಿನಿಂದ ಬಂತು, ಅದೂ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾಗಿದ್ದ ಐಟಂ. ಗಾಡಿ ಜಾರಿದಾಗ ಬ್ರೇಕ್ ಹಿಡಿಯುವುದರ ಜೊತೆಗೆ ಎಂಜಿನ್ನಿಗೆ "ಶಕ್ತಿ ಕಡಿಮೆ ಮಾಡು" ಎಂದು ಹೇಳುವುದೂ ಅದರ ಕೆಲಸ. ಎಂಜಿನ್ ಕಂಪ್ಯೂಟರ್ "ನನ್ನ ಟಾರ್ಕ್ ಲೆಕ್ಕ ಈಗ ನಂಬುವಂತಿಲ್ಲ" ಎಂದು ಹೇಳಿದರೆ ಇಂಥ ವ್ಯವಸ್ಥೆಗಳು ತಾವಾಗಿ ಹಿಂದೆ ಸರಿದು ದೀಪ ಹೊತ್ತಿಸುತ್ತವೆ. ಸುಬಾರು ಬಿಆರ್‌ಝಡ್, ಟೊಯೋಟಾ 86 ಓಡಿಸುವವರು ಒಂದು ಕಾಯಿಲ್ ಹೋದಾಗ ಮೀಟರ್ ಬೋರ್ಡಿನಲ್ಲಿ ಅರ್ಧ ಡಜನ್ ದೀಪ ನೋಡಿ ಗಾಬರಿಯಾಗುವುದು ಇದೇ ಕಾರಣಕ್ಕೆ. ದೀಪ ಎಷ್ಟು ಹೊತ್ತಿವೆ ಎಂಬುದರಿಂದ ತೊಂದರೆ ಎಷ್ಟು ದೊಡ್ಡದು ಎಂದು ಅಳೆಯಲಾಗದು. ಎರಡನೆಯ ದಾರಿ ವೋಲ್ಟೇಜ್. ಮಳೆಯಲ್ಲಿ ವೈಪರ್, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಬ್ಯಾಟರಿ ಹಳೆಯದಾಗಿದ್ದು ಚಾರ್ಜಿಂಗ್ ಸಾಲದೆ ಇದ್ದರೆ ಮೊದಲು ಗೊಣಗುವುದೇ ಎಬಿಎಸ್ ಕಂಪ್ಯೂಟರ್. ಸ್ಟಾರ್ಟರ್ ನಿಧಾನ ಎಂದು ನೀವು ಬರೆದದ್ದರಿಂದ ಈ ಎರಡನೆಯದನ್ನು ನಾನು ಬಿಟ್ಟುಬಿಡಲಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಮೂರು ಕೋಡುಗಳು. ಪಿ0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಅಥವಾ ನಿಗದಿಯಿಲ್ಲದ ಕಡೆ ಮಿಸ್ಸಿಂಗ್. ಉಳಿದೆರಡು 4 ಮತ್ತು 6 ಎಂದು ಬೆರಳು ಮಾಡಿ ತೋರಿಸುತ್ತವೆ. ಈ ಎಂಜಿನ್ನಿನಲ್ಲಿ 1, 2, 3 ಒಂದು ಮಗ್ಗುಲಲ್ಲಿ, 4, 5, 6 ಇನ್ನೊಂದು ಮಗ್ಗುಲಲ್ಲಿ. ಅಂದರೆ ಎರಡೂ ತಪ್ಪಿತಸ್ಥರು ಒಂದೇ ಕಡೆಯವರು. ಇದು ದೊಡ್ಡ ಸುಳಿವು. ಪೆಟ್ರೋಲ್ ಪಂಪ್, ಫಿಲ್ಟರ್, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇವೆಲ್ಲ ಎರಡೂ ಮಗ್ಗುಲಿಗೆ ಸೇರಿದವು. ಅವು ಕೆಟ್ಟಿದ್ದರೆ ಬಲಗಡೆ, ಎಡಗಡೆ ಎರಡೂ ನರಳಬೇಕಿತ್ತು. ಆರು ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವುದರಿಂದ 1, 2, 3ರ ಮೇಲೆ ಒಂದೂ ದೂರಿಲ್ಲದಿರುವಾಗ ಆರನ್ನೂ ಬದಲಿಸಲೇಬೇಕು ಎನ್ನುವುದು ರೋಗ ಕಂಡುಹಿಡಿದಂತಲ್ಲ. (ಒಂದು ಹೋದರೆ ಉಳಿದವೂ ಅದೇ ವಯಸ್ಸಿನವು, ಒಟ್ಟಿಗೆ ಹಾಕಿಬಿಡೋಣ ಎಂದು ಮಾಲೀಕರೇ ಬಯಸಿದರೆ ಅದು ಬೇರೆ ಮಾತು, ಅದರಲ್ಲಿ ನ್ಯಾಯವಿದೆ.)

ಮಗ್ಗುಲು ಗುರುತಿಸುವಾಗ ಒಂದು ಎಚ್ಚರ. ಪೋರ್ಷೆಯ 911 ಮಾಡೆಲಿನಲ್ಲಿ ಎಂಜಿನ್ ಹಿಂದಿನ ಆ್ಯಕ್ಸಲ್ಲಿನಿಂದ ಹಿಂದಕ್ಕೆ ಕೂತಿರುತ್ತದೆ. ಬಾಕ್ಸ್‌ಸ್ಟರಿನಲ್ಲಿ ಅದೇ ಬಗೆಯ ಎಂಜಿನ್ ಸೀಟಿನ ಬೆನ್ನಿಗೆ, ಆ್ಯಕ್ಸಲ್ಲಿನಿಂದ ಮುಂದಕ್ಕೆ, ಮುಖ ತಿರುಗಿಸಿ ಕೂತಿದೆ. ಹಾಗಾಗಿ 911ರಲ್ಲಿ ಎಡಕ್ಕಿರುವ 1ರಿಂದ 3 ಇಲ್ಲಿ ಬಲಕ್ಕೆ ಬರುತ್ತವೆ, 4ರಿಂದ 6 ಎಡಕ್ಕೆ. 911 ಮಾತ್ರ ಕೈಯಾಡಿಸಿ ಗೊತ್ತಿರುವ ಮೆಕ್ಯಾನಿಕ್ ತಪ್ಪು ಮಗ್ಗುಲಿನ ಕಾಯಿಲ್ ಬಿಚ್ಚಿ ಗಂಟೆಗಟ್ಟಲೆ ಹುಡುಕುವುದು ಅಪರೂಪವೇನಲ್ಲ. ಬಿಚ್ಚುವ ಮೊದಲು ನಿಮ್ಮ ಮಾಡೆಲಿನ ವರ್ಕ್‌ಶಾಪ್ ಚಿತ್ರ ಒಮ್ಮೆ ನೋಡಿಕೊಳ್ಳಿ.

ಕಾಯಿಲ್ ಮೇಲೆಯೇ ಯಾಕೆ ಅನುಮಾನ? ಅದು ಕೂತಿರುವ ಜಾಗ ನೋಡಿ. ಬಾಕ್ಸರ್ ಎಂಜಿನ್ ಮಲಗಿರುವುದರಿಂದ ಪ್ಲಗ್ ಮತ್ತು ಕಾಯಿಲ್‌ಗಳು ಎರಡು ಪಕ್ಕಕ್ಕೆ, ಎಕ್ಸಾಸ್ಟ್ ಪೈಪುಗಳ ಪಕ್ಕದಲ್ಲೇ, ಹಿಂದಿನ ಚಕ್ರಗಳು ನೀರೆರಚುವ ಕಡೆಗೆ ಬಂದಿವೆ. ಇಪ್ಪತ್ತು ವರ್ಷ ಎಕ್ಸಾಸ್ಟಿನ ಬಿಸಿ ತಿಂದ ಕಾಯಿಲ್ಲಿನ ಪ್ಲಾಸ್ಟಿಕ್ ಮೈಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಒಣಹವೆಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಆ ಬಿರುಕು ತೊಂದರೆ ಕೊಡುವುದಿಲ್ಲ. ಬಿರುಕಿಗೆ ನೀರು ಇಳಿದಾಗ ಕರೆಂಟಿಗೆ ಪ್ಲಗ್ಗಿಗಿಂತ ಸುಲಭದ ದಾರಿ ಸಿಕ್ಕಿ, ಕಿಡಿ ಒಳಗೆ ಹಾರುವ ಬದಲು ಎಂಜಿನ್ ಮೈಗೆ ಸೋರಿಹೋಗುತ್ತದೆ. ಏರಿನ ಪಾತ್ರವೂ ಇಲ್ಲಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿನೊಳಗೆ ಗಾಳಿಯ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು ಮೂವತ್ತು ಸಾವಿರಕ್ಕೆ ಏರಿಸುವ ಕಾಯಿಲ್, ಭಾರ ಬಿದ್ದಾಗಲೇ ತನ್ನ ಬಿರುಕನ್ನು ಬಯಲು ಮಾಡುತ್ತದೆ. ಮಳೆ, ಏರು, ಹಳೆಯ ಗಾಡಿ, ಒಂದೇ ಮಗ್ಗುಲು, ಆಮೇಲೆ ತಾನಾಗಿ ಸರಿಹೋಗುವುದು: ಐದೂ ಒಂದೇ ಕಡೆಗೆ ಕೈತೋರಿಸುತ್ತಿವೆ.

ನೀವಿರುವ ಊರಿಗೂ ಈ ಕಿಡಿಗೂ ಹಳೆಯ ನಂಟಿದೆ. ರಾಬರ್ಟ್ ಬಾಷ್ 1886ರಲ್ಲಿ ವರ್ಕ್‌ಶಾಪ್ ತೆರೆದದ್ದು ಸ್ಟುಟ್‌ಗಾರ್ಟಿನಲ್ಲಿ. ಅವರ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಸ್ಪಾರ್ಕ್ ಪ್ಲಗ್ ಜೊತೆಗಿನ ಹೈವೋಲ್ಟೇಜ್ ಮ್ಯಾಗ್ನೆಟೋ ಮಾಡಿ ತೋರಿಸಿದ್ದೂ ಅಲ್ಲೇ. ಅದೇ ಬಾಷ್ ನಂಟಿನಿಂದ 1951ರಲ್ಲಿ ಹುಟ್ಟಿದ ಮೈಕೋ ನಮ್ಮ ಬೆಂಗಳೂರಿನ ಕಂಪನಿಯಾಗಿ ಬೆಳೆಯಿತು. ಆಡುಗೋಡಿಯ ಮೈಕೋ ಪ್ಲಗ್ ಕೈಯಲ್ಲಿ ಹಿಡಿಯದ ಹಳೆಯ ತಲೆಮಾರಿನ ಮೆಕ್ಯಾನಿಕ್ ನಮ್ಮ ಕಡೆ ಸಿಗುವುದು ಕಷ್ಟ. ಆ ಮೆಕ್ಯಾನಿಕ್‌ಗಳು ಪ್ಲಗ್ ಬಿಚ್ಚಿ ಅದರ ಮೂತಿ ನೋಡಿ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದರು. ಆ ವಿದ್ಯೆ ನಿಮ್ಮ ಗಾಡಿಗೂ ಇವತ್ತಿಗೂ ಅನ್ವಯಿಸುತ್ತದೆ.

ಸಾಬೀತು ಮಾಡುವ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು, ಕೋಡುಗಳನ್ನು ಅಳಿಸಬೇಡಿ, ಬ್ಯಾಟರಿಯನ್ನೂ ಕಳಚಬೇಡಿ. ಕೋಡಿನ ಜೊತೆ ಆ ಕ್ಷಣದ ಆರ್‌ಪಿಎಂ, ಎಂಜಿನ್ ಮೇಲಿನ ಭಾರ, ಕೂಲೆಂಟ್ ಬಿಸಿ, ವೇಗ ಇವೆಲ್ಲ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ದಾಖಲಾಗಿರುತ್ತವೆ. ಅಳಿಸಿದರೆ ಆ ಸಾಕ್ಷ್ಯವೂ ಹೋಗುತ್ತದೆ. ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಬಿಡಿ (ತಪ್ಪುಗಳನ್ನು ಗಾಡಿಯೇ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ನಿಮ್ಮ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಾಧಾರಣ ಬೆಲೆಯ ಸ್ಕ್ಯಾನರ್ ಹಾಕಿದರೂ ಇವನ್ನು ಓದಬಹುದು. ಒಂದು ಹಾಳೆಯಲ್ಲಿ ಎಲ್ಲ ಬರೆದಿಟ್ಟುಕೊಳ್ಳಿ.

ಆಮೇಲೆ ಅದಲುಬದಲು ಪರೀಕ್ಷೆ. 4ನೇ ಸಿಲಿಂಡರಿನ ಕಾಯಿಲನ್ನು ಬಿಚ್ಚಿ 5ಕ್ಕೆ ಹಾಕಿ, 5ರದ್ದನ್ನು 4ಕ್ಕೆ. ಬೇರೆ ಏನನ್ನೂ ಮುಟ್ಟಬೇಡಿ, ಪ್ಲಗ್ ಬದಲಿಸುವ ಆಸೆಯನ್ನೂ ಅವತ್ತಿಗೆ ಅದುಮಿಟ್ಟುಕೊಳ್ಳಿ. ಈಗ ಕೋಡ್ ಅಳಿಸಿ ಗಾಡಿ ಓಡಿಸಿದಾಗ ಪಿ0305 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಯಿತು ಎಂದಾಯಿತು. ಪಿ0304 ಅಲ್ಲೇ ಕೂತಿದ್ದರೆ ಕಾಯಿಲ್ ನಿರಪರಾಧಿ, ಪ್ಲಗ್ ಅಥವಾ ಅದಕ್ಕಿಂತ ಆಳದಲ್ಲಿ ಹುಡುಕಬೇಕು. ಕಾಯಿಲ್ ಮತ್ತು ಪ್ಲಗ್ ಎರಡನ್ನೂ ಒಂದೇ ಸಲ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಎಂದು ಯಾವತ್ತೂ ಗೊತ್ತಾಗುವುದಿಲ್ಲ. 6ನೆಯದನ್ನು ಇದಾದ ಮೇಲೆ ಹೀಗೇ ಬೇರೆ ಸಿಲಿಂಡರಿನ ಜೊತೆ ಅದಲುಬದಲು ಮಾಡಿ. ಪರೀಕ್ಷೆಯ ಓಟಕ್ಕೆ ಮಳೆಗಾಗಿ ಕಾಯಬೇಕಾಗಿಲ್ಲ. ಗಾಡಿ ನಿಂತಿರುವಾಗ, ಕತ್ತಲಾದ ಮೇಲೆ, ಕಾಯಿಲ್‌ಗಳ ಮೇಲೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹೊಡೆದರೆ ಬಿರುಕಿರುವ ಕಾಯಿಲ್ಲಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣಬಹುದು, ಐಡಲ್ ಕೂಡ ಎಡವುತ್ತದೆ. ಎಂಜಿನ್ ಓಡುತ್ತಿರುವಾಗ ಕೈ ಮಾತ್ರ ಹತ್ತಿರ ಒಯ್ಯಬೇಡಿ, ಆ ವೋಲ್ಟೇಜ್ ಹೃದಯಕ್ಕೆ ಒಳ್ಳೆಯದಲ್ಲ.

ಈ ಕೆಲಸ ನೀವೇ ಮಾಡಬಹುದು. ಜರ್ಮನಿಯಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್ ಮತ್ತು ಟೂಲ್ ಬಾಡಿಗೆಗೆ ಕೊಡುವ ಗ್ಯಾರೇಜುಗಳಿವೆ, ಅಂಥದ್ದೊಂದು ಹುಡುಕಿ. ಗಾಡಿ ಎತ್ತಿ ಹಿಂದಿನ ಚಕ್ರ ಬಿಚ್ಚಿದರೆ ಆ ಮಗ್ಗುಲಿನ ಕಾಯಿಲ್‌ಗಳು ಕೈಗೆ ಸಿಗುತ್ತವೆ. ಒಂದೊಂದಕ್ಕೆ ಎರಡೆರಡು ಅಲೆನ್ ಬೋಲ್ಟ್, ಒಂದು ಕನೆಕ್ಟರ್. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ಬಿಚ್ಚುವುದಾದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುವಿದರೆ ಥ್ರೆಡ್ ಕಿತ್ತುಬರುತ್ತದೆ. ಹಾಕುವಾಗ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುವಿ ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 30 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಮನೆಯಲ್ಲೇ ಮಾಡುವುದಾದರೆ ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಪ್ಲಗ್ ಬಿಚ್ಚಿದಾಗ ಅದರ ಮೂತಿಯನ್ನೂ ಮೈಯನ್ನೂ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆ ಸಿಲಿಂಡರ್ ಚೆನ್ನಾಗಿ ಉರಿಯುತ್ತಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಬೆಳ್ಳಗೆ ಒಣಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಬಿಳಿ ಸೆರಾಮಿಕ್ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಕರೆಂಟು ಹೊರಮೈಯಲ್ಲಿ ಹರಿದಿದೆ, ಆ ಪ್ಲಗ್ ಮತ್ತು ಕಾಯಿಲ್ ಎರಡನ್ನೂ ಬದಲಿಸುವುದೇ ದಾರಿ, ಒಂದನ್ನು ಬಿಟ್ಟರೆ ಅದು ಇನ್ನೊಂದನ್ನು ಕೆಡಿಸುತ್ತದೆ. ಪ್ಲಗ್ ಕೂರುವ ಕೊಳವೆಯಲ್ಲಿ ಆಯಿಲ್ ನಿಂತಿದ್ದರೆ ಕೊಳವೆಯ ಓ-ರಿಂಗುಗಳು ಗಟ್ಟಿಯಾಗಿ ಸೋರುತ್ತಿವೆ. ಈ ಎಂಜಿನ್ನಿನಲ್ಲಿ ಅದು ಸಾಮಾನ್ಯ, ರಿಪೇರಿಯೂ ಅಗ್ಗ, ಆದರೆ ಬಿಟ್ಟರೆ ಹೊಸ ಕಾಯಿಲ್ಲಿನ ರಬ್ಬರನ್ನೂ ಆಯಿಲ್ ತಿನ್ನುತ್ತದೆ. ಈ ಗಾಡಿಗೆ ಬರುವ ಪ್ಲಗ್ಗಿನಲ್ಲಿ ಕಿಡಿಗೆ ಒಂದರ ಬದಲು ನಾಲ್ಕು ಕಾಲುಗಳಿರುತ್ತವೆ, ಅವನ್ನು ಬಗ್ಗಿಸಿ ಗ್ಯಾಪ್ ಹೊಂದಿಸಲು ಹೋಗಬೇಡಿ. ಕೊನೆಯ ಸಲ ಪ್ಲಗ್ ಬದಲಿಸಿದ್ದು ಯಾವಾಗ ಎಂಬ ದಾಖಲೆ ಸಿಗದಿದ್ದರೆ, ಪರೀಕ್ಷೆ ಮುಗಿದ ಮೇಲೆ ಆರೂ ಹೊಸದು ಹಾಕಿ. ನಾಲ್ಕು ವರ್ಷಕ್ಕಿಂತ ಹಳೆಯ ಪ್ಲಗ್ ಇಟ್ಟುಕೊಂಡು ಹೊಸ ಕಾಯಿಲ್ಲಿನ ಮೇಲೆ ಭಾರ ಹಾಕುವುದು ಸರಿಯಲ್ಲ.

ಕಾಯಿಲ್, ಪ್ಲಗ್ ಎರಡೂ ನಿರಪರಾಧಿ ಎಂದಾದರೆ ಮುಂದೆ ಇಂಜೆಕ್ಟರಿನ ಕನೆಕ್ಟರ್ ಮತ್ತು ವೈರಿಂಗ್ ನೋಡಬೇಕು, ಆಮೇಲೆ ಕಂಪ್ರೆಷನ್ ಅಳೆಯಬೇಕು. ಕಂಪ್ರೆಷನ್ನಿನಲ್ಲಿ ನೋಡಬೇಕಾದದ್ದು ಒಂದು ಸಿಲಿಂಡರಿನ ಅಂಕಿಯನ್ನಲ್ಲ, ಆರರ ನಡುವಿನ ವ್ಯತ್ಯಾಸವನ್ನು. ಕೋಡುಗಳ ಜೊತೆ ಪಿ1128, ಪಿ1130 ಬಂದಿದ್ದರೆ ಎರಡೂ ಮಗ್ಗುಲಿನಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಆಗ ಎಲ್ಲೋ ಗಾಳಿ ಸೋರುತ್ತಿದೆಯೇ ಎಂದು ಹುಡುಕಬೇಕು, ಅದರಲ್ಲೂ ಎಂಜಿನ್ನೊಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್. ಅದು ಹರಿದಿದ್ದರೆ ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆಯ ಮೋಡ ಏಳುತ್ತದೆ, ಐಡಲಿನಲ್ಲಿ ಆಯಿಲ್ ಕ್ಯಾಪ್ ತೆಗೆಯಲು ಹೋದರೆ ಒಳಗಿನಿಂದ ಬಲವಾಗಿ ಎಳೆಯುತ್ತದೆ. ನಿಮ್ಮ ಪತ್ರದಲ್ಲಿ ಇಂಥದ್ದೇನೂ ಇಲ್ಲ, ಹಾಗಾಗಿ ಇಷ್ಟು ಸಾಕು.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ, ಪೆಟ್ರೋಲಿನಲ್ಲಿರುವ ಗಂಧಕ ಅಲ್ಲಿ ಆ ರೂಪ ತಾಳಿದೆ. ಕನ್ವರ್ಟರ್ ಬಿಸಿಯಾಗಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ, ಸತ್ತಿದೆ ಎಂದಲ್ಲ. ಸತ್ತಿದ್ದರೆ ಪಿ0420 ಅಥವಾ ಪಿ0430 ಬರುತ್ತದೆ, ನಿಮ್ಮ ಪಟ್ಟಿಯಲ್ಲಿ ಅವೆರಡೂ ಇಲ್ಲ. ಇದೊಂದೇ ಕಾರಣಕ್ಕೆ ಎರಡು ಕನ್ವರ್ಟರ್, ನಾಲ್ಕು ಸೆನ್ಸರ್ ಎಂಬ ಸಾಲುಗಳನ್ನು ಎಸ್ಟಿಮೇಟಿನಿಂದ ಹೊಡೆದುಹಾಕಿಸಿ. ಮಿಸ್ಸಿಂಗ್ ಸರಿಪಡಿಸಿ, ಕೆಲವು ವಾರ ಓಡಿಸಿ, ಕಂಪ್ಯೂಟರ್ ತನ್ನ ಕನ್ವರ್ಟರ್ ಪರೀಕ್ಷೆಯನ್ನು ತಾನೇ ಮುಗಿಸಲಿ. ಆಗಲೂ ಕೋಡ್ ಬರದಿದ್ದರೆ ಕನ್ವರ್ಟರ್ ಬದುಕಿದೆ. ಗಾಡಿ ಎತ್ತಿದಾಗ ಅದನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಿಲಿಗಿಲಿ ಸದ್ದು ಬಂದರೆ ಮಾತ್ರ ಸೆರಾಮಿಕ್ ಒಡೆದಿದೆ. ನಿಮ್ಮ ಎರಡು ವರ್ಷಕ್ಕೊಮ್ಮೆಯ ಟ್ಯೂಫ್ (ಗಾಡಿಯ ಸುರಕ್ಷತೆ ಮತ್ತು ಹೊಗೆಯ) ತಪಾಸಣೆ ಹತ್ತಿರವಿದ್ದರೆ ಕೋಡ್ ಅಳಿಸಿದ ಮರುದಿನವೇ ಹೋಗಬೇಡಿ, ಕಂಪ್ಯೂಟರಿನ ಒಳಪರೀಕ್ಷೆಗಳು ಮುಗಿಯದೆ ಇದ್ದರೆ ಅವರಿಗೆ ಅದು ಗೊತ್ತಾಗುತ್ತದೆ.

ಐಎಂಎಸ್ ಬೇರಿಂಗ್ ವಿಚಾರ ಸುಳ್ಳಲ್ಲ. ಕ್ರ್ಯಾಂಕಿನಿಂದ, ವಾಲ್ವ್ ತೆರೆಯುವ ಕ್ಯಾಮ್‌ಗಳಿಗೆ ಚಾಲನೆ ಕೊಡುವ ಮಧ್ಯದ ಶಾಫ್ಟಿನ ತುದಿಯಲ್ಲಿರುವ ಆ ಬೇರಿಂಗ್ ಪುಡಿಯಾದರೆ ವಾಲ್ವ್ ಪಿಸ್ಟನ್‌ಗಳು ಗುದ್ದಿಕೊಂಡು ಎಂಜಿನ್ನೇ ಹೋಗುತ್ತದೆ. ನಿಮ್ಮ ಗಾಡಿ ಆ ಬೇರಿಂಗ್ ದುರ್ಬಲವಾಗಿದ್ದ ವರ್ಷಗಳದ್ದೇ. ಆದರೆ ಆ ಕಾಯಿಲೆ ಮಳೆ ಬಂದಾಗ ಬಂದು, ಪಾರ್ಕಿಂಗಿನಲ್ಲಿ ನಿಂತಾಗ ಹೋಗುವುದಿಲ್ಲ. ಅದರ ಗುರುತು ಬೇರೆ: ಆಯಿಲ್ ಫಿಲ್ಟರಿನ ಮಡಿಕೆಗಳಲ್ಲಿ ಮಿನುಗುವ ಲೋಹದ ಚೂರು, ಗೇರ್‌ಬಾಕ್ಸ್ ಸೇರುವ ಕಡೆಯಿಂದ ಆಯಿಲ್ ಸೋರಿಕೆ, ಲೋಹ ಉಜ್ಜುವ ಸದ್ದು, ಪೋರ್ಷೆಗೆ ಹೊಂದುವ ಸ್ಕ್ಯಾನರಿನಲ್ಲಿ ಸ್ಥಿರವಾಗಿ ನಿಲ್ಲದೆ ಅಲೆದಾಡುವ ಕ್ಯಾಮ್ ಡೀವಿಯೇಶನ್ (ಕ್ಯಾಮ್ ತನ್ನ ಸರಿಯಾದ ಜಾಗದಿಂದ ಎಷ್ಟು ಸರಿದಿದೆ ಎಂಬ) ಅಂಕಿ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಫಿಲ್ಟರನ್ನು ಬಿಡಿಸಿ ನೋಡಲು ಹೇಳಿ. ಕ್ಲಚ್ ಬದಲಿಸುವ ದಿನ ಬಂದಾಗ ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುತ್ತದೆ, ಆಗ ಬೇರಿಂಗನ್ನೂ ಬದಲಿಸಿಬಿಡಿ. ಅದಕ್ಕೆ ಈಗಲೇ ಹೆದರಿ ಗಾಡಿ ಮಾರುವ ಅಗತ್ಯವಿಲ್ಲ.

ಬ್ಯಾಟರಿ ಕಡೆ ಬರೋಣ. ಮಲ್ಟಿಮೀಟರ್ ತೆಗೆದುಕೊಂಡು ಮೂರು ಅಳತೆ ಮಾಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಸುಮಾರಿಗೆ ಇರಬೇಕು. ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ದೀಪ, ಬ್ಲೋವರ್ ಎಲ್ಲ ಹಾಕಿ ನೋಡಿದರೂ 13.5ರ ಆಸುಪಾಸಿನಲ್ಲಿ ನಿಲ್ಲಬೇಕು. ಬ್ಯಾಟರಿ ಚೆನ್ನಾಗಿದ್ದೂ ಸ್ಟಾರ್ಟರ್ ನಿಧಾನ ಎಂದಾದರೆ ಆಲ್ಟರ್ನೇಟರಿನಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ ಮತ್ತು ಎಂಜಿನ್ ಅರ್ತಿಂಗ್ ಪಟ್ಟಿ ನೋಡಿಸಿ. ಈ ಗಾಡಿಗಳಲ್ಲಿ ಆ ಕೇಬಲ್ ಒಳಗೊಳಗೇ ಕಿಲುಬು ಹಿಡಿದು ವೋಲ್ಟೇಜ್ ತಿನ್ನುವುದು ಮತ್ತೆ ಮತ್ತೆ ಕಾಣುವ ತೊಂದರೆ. ಹಾಗೇ, ಶರತ್ಕಾಲದ ಎಲೆಗಳು ಬೀಳುತ್ತಿರುವ ಹೊತ್ತಿಗೆ ಮುಂದಿನ ಡಿಕ್ಕಿಯಲ್ಲಿ ಬ್ಯಾಟರಿಯ ಆಸುಪಾಸಿನ ನೀರಿನ ತೂತುಗಳನ್ನೂ, ಬಟ್ಟೆಯ ಟಾಪ್ ಮಡಚಿ ಕೂರುವ ಕಡೆಯ ಎರಡು ತೂತುಗಳನ್ನೂ ಸ್ವಚ್ಛ ಮಾಡಿ. ಅವು ಕಟ್ಟಿಕೊಂಡರೆ ನೀರು ಕ್ಯಾಬಿನ್ನಿಗೆ ಇಳಿದು ಸೀಟಿನ ಕೆಳಗಿರುವ ಇಮೊಬಿಲೈಜರ್ ಕಂಪ್ಯೂಟರನ್ನು ಮುಳುಗಿಸುತ್ತದೆ. ಆಗ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಆ ಖರ್ಚಿನ ಮುಂದೆ ಕಾಯಿಲ್ ಏನೂ ಅಲ್ಲ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದು ಮಾತು. ಪ್ಲಗ್ಗಿನ ತಲೆಯ ಮೇಲೆಯೇ ಕಾಯಿಲ್ ಕೂರುವ ವ್ಯವಸ್ಥೆ ಈಗ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿದೆ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಏರುವಾಗ ಚೆಕ್ ಎಂಜಿನ್ ದೀಪ ಮಿನುಗಿದರೆ ಮೇಲಿನ ಕ್ರಮವೇ ಸರಿ: ಕಾಲು ಎತ್ತಿ, ನಿಲ್ಲಿಸಿ, ಕೋಡ್ ಓದಿಸಿ, ಅದಲುಬದಲು ಮಾಡಿ ನೋಡಿ. ಸರ್ವಿಸ್ ಸ್ಟೇಷನ್ನಿನಲ್ಲಿ ಬಾನೆಟ್ ತೆರೆದು ಎಂಜಿನ್ ಮೇಲೆ ಪ್ರೆಶರ್ ನೀರು ಹೊಡೆಸುವುದನ್ನೂ ದಯವಿಟ್ಟು ಬಿಡಿ.

ನಿಮ್ಮ ಗ್ಯಾರೇಜಿನವರಿಗೆ, ಅಥವಾ ಬೇರೆ ಗ್ಯಾರೇಜಿಗೆ ಹೋದರೆ ಅವರಿಗೆ, ಹೀಗೆ ಹೇಳಿ: "4 ಮತ್ತು 5ರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಡಿ. ಆಮೇಲೆ 6ರದ್ದು. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ನಂಬರ್ ಹಾಕಿ ನನಗೆ ಕೊಡಿ. ಬ್ಯಾಟರಿಯ ಮೂರು ವೋಲ್ಟೇಜ್ ಅಳತೆ ಬೇಕು. ಇಷ್ಟಾಗುವವರೆಗೆ ಯಾವ ಭಾಗವನ್ನೂ ಆರ್ಡರ್ ಮಾಡಬೇಡಿ." ಇದಕ್ಕೆ ಒಪ್ಪದ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡಿ. ಅಲ್ಲಿಯವರೆಗೆ ಮಳೆಯಲ್ಲಿ ಆಟೋಬಾನ್ ಹತ್ತಬೇಡಿ, ಊರೊಳಗೆ ನಿಧಾನಕ್ಕೆ ಓಡಿಸಬಹುದು. ಅದಲುಬದಲಾದ ಮೇಲೆ ಬಂದ ಕೋಡ್, ಫ್ರೀಜ್ ಫ್ರೇಮಿನ ಅಂಕಿಗಳು ಮತ್ತು 4, 5, 6ರ ಪ್ಲಗ್ಗಿನ ಫೋಟೋ ಕಳುಹಿಸಿ, ಮುಂದಿನದನ್ನು ಅವನ್ನು ನೋಡಿ ಬರೆಯುತ್ತೇನೆ.